ಮಾಘ ಮಾಸದ ಕೆಂಪು ಗುರುತು

ಇಂದು ಬೆಳಿಗ್ಗೆ ಹಳೆಯ ಪೆಟ್ಟಿಗೆ ತೆರೆದೊಡನೆ ಶಾಸನಗಳ ಪಡಿಯಚ್ಚಿನ ಮಸಿವಾಸನೆ ಮೂಗಿಗೆ ಬಡಿಯಿತು. ಓದುಗ ಮಿತ್ರರೇ, ವೃತ್ತಿಜೀವನವಿಡೀ ಈ ವಾಸನೆಯ ನಡುವೆ ಕುಳಿತು ಶಕವರ್ಷಗಳನ್ನು ಕ್ರಿಸ್ತಶಕಕ್ಕೆ ಹೊಂದಿಸಿದವನು ನಾನು. ಮದುವೆಯ ಕರೆಯೋಲೆ ಬಂದರೂ ತಿಥಿ ವಾರಗಳು ತಾಳೆಯಾಗುತ್ತವೆಯೇ ಎಂದು ಪಂಚಾಂಗ ತೆರೆಯುವ ಚಾಳಿ. ಅಂಥ ನನ್ನ ಎಣಿಕೆ ತಪ್ಪಿದ ಒಂದು ಭಾನುವಾರವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾಚಿಕೆಗಿಂತ ಹೆಚ್ಚಾಗಿ ಸಂತೋಷದಿಂದ!

ಹಳೇಬೀಡಿನ ಶಾಲೆಯೊಂದರ ಕೊಠಡಿಯಲ್ಲಿ ಗೃಹಿಣಿಯರಿಗೆ ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ಕಲಿಸುತ್ತಿದ್ದುದು ಹೊಸಬರಿಗೆಂದೇ ರೂಪಿಸಿದ, ಕನ್ನಡದಲ್ಲೇ ಆಜ್ಞೆ ಬರೆಯಬಹುದಾದ ಪ್ರೋಗ್ರಾಮಿಂಗ್ ಭಾಷೆ. ಬರೆದ ಪ್ರೋಗ್ರಾಂ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಸಲಕರಣೆ ಮಾತ್ರ ಇಂಗ್ಲಿಷಿನಲ್ಲಿತ್ತು. ಅದರ ಲೆಕ್ಕಗಳೆಲ್ಲ ಹಿಮ ಬೀಳುವ ಊರಿನವು. ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ತರಗತಿಯ ಲೋಕೇಶ್ ಮೇಷ್ಟ್ರು ನನಗೆ ವಹಿಸಿದರು. ಸಂದೇಶಗಳನ್ನು ಅನುವಾದಿಸಿದರೆ ಸಾಲದೆಂದು ಹಿಮದ ಲೆಕ್ಕಗಳನ್ನು ಕಿತ್ತು ನನ್ನ ಲೆಕ್ಕ ಹೂಡಿದೆ: ಶಕವರ್ಷವನ್ನೂ ಮಾಸವನ್ನೂ ಕೊಟ್ಟರೆ ಪ್ರೋಗ್ರಾಂ ಕ್ರಿಸ್ತಶಕ ಹೇಳಬೇಕು. ಸರಿಯುತ್ತರಗಳ ಪಟ್ಟಿಯನ್ನು ನಾನೇ ಸಲಕರಣೆಯೊಳಗೆ ಇಟ್ಟೆ. ಎಲ್ಲಕ್ಕೂ ಎಪ್ಪತ್ತೆಂಟು ಕೂಡಿಸಿದ್ದೆ. ಕೂಡಿಕೆಯನ್ನು ಮೂರು ಸಲ ತಾಳೆ ನೋಡಿದ್ದೆ.

ಗೆಂಡೆಹಳ್ಳಿಯ ನಾಗವೇಣಿ ರಾಗಿ ಹೊಲ, ತೆಂಗಿನ ತೋಟಗಳ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದವರು. ಎಲ್ಲ ಪರೀಕ್ಷೆಗಳಿಗೂ ಹಸಿರು ಗುರುತು ಪಡೆದವರು ತಮ್ಮೂರಿನಲ್ಲೇ ತರಗತಿ ನಡೆಸಬಹುದಿತ್ತು; ನಾಗವೇಣಿಯವರಿಗಿದ್ದುದು ಅದೊಂದೇ ಆಸೆ. ಪರೀಕ್ಷೆಗೆ ಆ ಭಾನುವಾರವೇ ಕೊನೆಯ ದಿನ. ಸುಮ್ಮನೆ ಎಪ್ಪತ್ತೆಂಟು ಕೂಡಿಸಿದವರೆಲ್ಲ ಗೆದ್ದಿದ್ದರು. ನಾಗವೇಣಿಯವರಿಗೆ ಮಾತ್ರ ಮಾಘ ಮಾಸದ ಲೆಕ್ಕದ ಎದುರು ಕೆಂಪು ಗುರುತು.

“ಎಲ್ಲರ ಹಾಗೆ ಎಪ್ಪತ್ತೆಂಟು ಕೂಡಿಸಿ ನಾಗವೇಣಮ್ಮ. ಶಾಸನ ಓದಿದ ಸಾರ್‌ಗಿಂತ ನಿಮಗೆ ಜಾಸ್ತಿ ಗೊತ್ತೇನ್ರೀ?” ಎಂದರು ಮೇಷ್ಟ್ರು.

“ಶಾಸನ ಗೊತ್ತಿಲ್ಲ ಕಣ್ರೀ. ನಮ್ಮನೆ ಗೋಡೆ ಮೇಲೆ ಕ್ಯಾಲೆಂಡರ್ ಐತೆ.” ನಾಗವೇಣಿ ನನ್ನತ್ತ ತಿರುಗಿದರು. “ಸಾರ್, ಶಿವರಾತ್ರಿ ಮಾಘದಲ್ಲಿ ತಾನೆ? ಅಷ್ಟೊತ್ಗೆ ಜನವರಿ ಬಂದು ಹೊಸ ಕ್ಯಾಲೆಂಡರ್ ನೇತಾಕಿರ್ತೀವಿ. ಯುಗಾದಿ ಇನ್ನೂ ಆಗಿರಲ್ಲ. ಇಸ್ವಿ ಬದ್ಲಾಯ್ತು, ಶಕ ಬದ್ಲಾಗಿಲ್ಲ. ಇನ್ನೊಂದು ಕೂಡಿಸ್ಬೇಡ್ವಾ?”

ಮಾಘಕ್ಕೆ ಎಪ್ಪತ್ತೊಂಬತ್ತು! ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸುತ್ತಿದ್ದ ಸೂತ್ರ. ಹೊಸಬರಿಗೆ ಇಷ್ಟು ಸಾಕೆಂದು ಉದಾರವಾಗಿ ಕೈಬಿಟ್ಟಿದ್ದೆ. ಆಮೇಲೆ ಕೈಬಿಟ್ಟದ್ದನ್ನೇ ಮರೆತಿದ್ದೆ.

“ತಪ್ಪು ನನ್ನದು,” ಎಂದು ಎದ್ದುಹೋಗಿ ಪಟ್ಟಿ ತಿದ್ದಿದೆ. ನಾಗವೇಣಿಯವರ ಕೆಂಪು ಹಸಿರಾಯಿತು. ಉಳಿದವರ ಮಾಘವೆಲ್ಲ ಒಮ್ಮೆಲೇ ಕೆಂಪೇರಿತು!

“ಅಯ್ಯೋ, ನಮ್ಮನ್ನೆಲ್ಲ ಮುಳುಗಿಸ್ಬಿಟ್ಟೆ ಕಣೇ!”

“ಬನ್ರೇ ಇಲ್ಲಿ, ಹೇಳ್ಕೊಡ್ತೀನಿ,” ಎಂದು ನಾಗವೇಣಿ ಆಗಲೇ ಕುರ್ಚಿ ಎಳೆದುಕೊಂಡಿದ್ದರು.

ಈಗ ಗೆಂಡೆಹಳ್ಳಿಯಲ್ಲಿ ಅವರದೇ ತರಗತಿ. ನಾನು ಹೂಡುವ ಪ್ರತಿ ಪರೀಕ್ಷೆಯೂ ಮೊದಲು ಅವರ ಕೈಗೆ ಹೋಗುತ್ತದೆ. ಈಗಷ್ಟೇ ಫೋನ್ ಬಂತು: “ಸಾರ್, ಪುಷ್ಯ ಮಾಸ ಶುರುವಾಗೋದು ಡಿಸೆಂಬರ್‌ನಲ್ಲಾದ್ರೆ ಮುಗಿಯೋದು ಜನವರೀಲಿ. ತಿಥಿ ಕೇಳ್ದೆ ಪ್ರೋಗ್ರಾಂ ಹೆಂಗೆ ಹೇಳ್ತದೆ?”

ನಾಳೆ ಮೊದಲ ಬಸ್ಸಿಗೇ ಹೊರಡುತ್ತೇನೆ. ಈ ಸಲ ಸರಿಯುತ್ತರ ಬರೆದುಕೊಂಡು ಹೋಗುತ್ತಿಲ್ಲ.