ತಟ್ಟೆಯಲ್ಲಿದ್ದ ಹಸಿರು ಬಳೆ

"ಓಗಿ ಸಾಹೇಬ್ರ ಕೈಗೆ ತೊಡ್ಸಕ್ಕ" ಎಂದು ನಾನು ಹಸಿರು ಬಳೆಯ ತಟ್ಟೆಯನ್ನು ನಮ್ಮೂರ ಪುಟ್ಟಮ್ಮನ ಮುಂದೆ ಹಿಡಿದೆ. ಊರಿನ ಕುಡಿಯುವ ನೀರಿನ ಪಂಪು ಕೆಟ್ಟು ತಿಂಗಳಾದರೂ ರಿಪೇರಿ ಮಾಡಿಸದ ಎಂಜಿನಿಯರನ್ನು ಗಂಡಸೇ ಅಲ್ಲ ಎಂದು ಹಂಗಿಸಲು ಕೊಣನೂರು ಕಡೆಯಿಂದ ಅರಕಲಗೂಡಿಗೆ ಬಂದಿದ್ದೆವು. ಹಿಂದೆ ನಿಂತಿದ್ದ ನಮ್ಮವರ ಗುಂಪಿನಿಂದ ಶಿಳ್ಳೆ ಎದ್ದಿತು. ಕಚೇರಿ ಬಾಗಿಲಲ್ಲಿ ಪೊಲೀಸರು ಲಾಠಿ ಬಿಗಿಹಿಡಿದರು. ಪುಟ್ಟಮ್ಮ ತಟ್ಟೆಯನ್ನು ಮುಟ್ಟಲೇ ಇಲ್ಲ.

"ಬಳೆ ತೊಟ್ಟಿರೋ ಈ ಕೈಯಾಗೇ ತಿಂಗ್ಳಿಂದ ಒಳೆ ನೀರು ಒತ್ತಿವ್ನಿ ಕಣಪ್ಪ. ಕೆಲ್ಸ ಮಾಡ್ದೇ ಇರೋನಿಗೆ ಇದ್ನ ಯಾಕ್ ತೊಡ್ಸ್ಲಿ?"

ಬಳೆ ಕೊಂಡವನು ನಾನೇ, ತಲೆ ಎತ್ತಲಾಗಲಿಲ್ಲ.

ಸಂಜೆ ಆ ಬಳೆಗಳನ್ನು ಹೆಂಡತಿಗೆ ಕೊಟ್ಟೆ. ಅವಳು ಖುಷಿಯಿಂದ ತೊಟ್ಟುಕೊಂಡಳು. ಒಬ್ಬರನ್ನು ಅವಮಾನಿಸಲೆಂದು ಕೊಂಡದ್ದು ಅವು ಎಂದು ಇವತ್ತಿಗೂ ಹೇಳಿಲ್ಲ.