ಗರಡಿಯಲ್ಲಿ ಹೇಳಿದ ಇಂಗ್ಲಿಷ್ ಮಾತು

ಇಷ್ಟವಿಲ್ಲದ್ದನ್ನು ಇಷ್ಟವಿಲ್ಲವೆಂದು ಹೇಳುವ ಸ್ವಾತಂತ್ರ್ಯವೇ ನಾಗರಿಕತೆಯ ಬುನಾದಿ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರಲ್ಲಿ ಯಾರೂ ನಮ್ಮ ಶ್ರೀನಗರ ಬಡಾವಣೆಯಲ್ಲಿ ಬೆಳೆದವರಲ್ಲ.

ಆಗೆಲ್ಲ ನಮಗೆ ಎರಡು ಕಡೆ ಏಟು ಬೀಳುತ್ತಿತ್ತು: ಸಂಜೆ ಟ್ಯೂಷನ್ ಮಿಸ್ಸಿನ ಮನೆಯಲ್ಲಿ, ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಗರಡಿಯಲ್ಲಿ. ಮಿಸ್ ವಾರಕ್ಕೊಂದು ಇಂಗ್ಲಿಷ್ ನುಡಿಗಟ್ಟು ಕಲಿಸುತ್ತಿದ್ದರು. ಅದನ್ನು ಹಿರಿಯರೊಬ್ಬರ ಎದುರು ನಿಜವಾಗಿ ಬಳಸಿ, ನೋಟ್‌ಬುಕ್ಕಿನಲ್ಲಿ ಅವರ ಸಹಿ ತರಬೇಕು. ತರದಿದ್ದರೆ ಬೆರಳ ಗೆಣ್ಣಿನ ಮೇಲೆ ಮರದ ಸ್ಕೇಲಿನಿಂದ ನಾಲ್ಕು. ಆ ವಾರದ್ದು 'ನಾಟ್ ಮೈ ಕಪ್ ಆಫ್ ಟೀ'. ಅಂದರೆ, ನನಗೆ ಹಿಡಿಸುವಂಥದ್ದಲ್ಲ. ಹಿಡಿಸದ್ದಕ್ಕಾಗಿ ನಾನು ದೂರ ಹುಡುಕಬೇಕಿರಲಿಲ್ಲ, ಕುಸ್ತಿ ಇತ್ತು. ಒಂದೇ ಮಾತಿಗೆ ಸ್ಕೇಲಿನಿಂದಲೂ ಗರಡಿಯಿಂದಲೂ ಬಿಡುಗಡೆ ಎಂದುಕೊಂಡೆ.

ಭಾನುವಾರ ಕೆಮ್ಮಣ್ಣಿನಿಂದ ಎಣ್ಣೆ, ಅರಿಶಿನ, ಬೆವರಿನ ವಾಸನೆ ಏಳುತ್ತಿತ್ತು. ಹಿಂದಿನ ವಾರ ಇಬ್ಬರ ಮೂಗೊಡೆದಿದ್ದ ಕೆಂಪ ತೊಡೆ ತಟ್ಟುತ್ತ ನಿಂತಿದ್ದ. ನಾನು ಲಂಗೋಟಿಯಲ್ಲೇ ನೋಟ್‌ಬುಕ್ ಚಾಚಿ ಹೇಳಿದೆ: "ದೊಡ್ಡಪ್ಪಾ, ರೆಸ್ಲಿಂಗ್ ಈಸ್ ನಾಟ್ ಮೈ ಕಪ್ ಆಫ್ ಟೀ."

ದೊಡ್ಡಪ್ಪ ಬ್ಯಾಂಕಿನ ಹೆಡ್ ಕ್ಲರ್ಕು. ಇಂಗ್ಲಿಷು ಪೂರ್ತಿ ಅರ್ಥವಾಯಿತು. ಕೋಪ ಬರಲಿಲ್ಲ.

"ಬಿಡ್ತೀಯಾ? ಬಿಡು. ಆದ್ರೆ ಮಣ್ಣಿಗೆ ಒಂದ್ ಮಾತು ಹೇಳ್ಬಿಟ್ಟು ಹೋಗು."

ಗರಡಿ ಬಿಡುವವನು ಕೊನೆಯ ಕುಸ್ತಿಯೊಂದನ್ನು ನ್ಯಾಯವಾಗಿ ಆಡಿಯೇ ಬಿಡಬೇಕೆಂಬುದು ಅಲ್ಲಿನ ಸಂಪ್ರದಾಯ. ನನಗದು ಗೊತ್ತಿರಲಿಲ್ಲ. ಅದುವರೆಗೆ ನನ್ನೆದುರು ಯಾರೂ ಬಿಟ್ಟಿರಲೇ ಇಲ್ಲ.

"ಇವತ್ತೇ ಲಾಸ್ಟಾ ಮಗಾ?" ಎಂದ ಕೆಂಪ, ಬಹಳ ಪ್ರೀತಿಯಿಂದ. "ಹಂಗಾದ್ರೆ ನೆನಪಿರೋ ಹಂಗೆ ಕಳಿಸ್ತೀನಿ."

ಎತ್ತಿ ಒಗೆದ. ಬಾಯಿ ತುಂಬ ಮಣ್ಣು, ಮಣ್ಣಿನೊಳಗೆ ನನ್ನದೇ ಒಂದು ಹಲ್ಲು. ಏಳುವಷ್ಟರಲ್ಲಿ ಕುತ್ತಿಗೆಯ ಮೇಲೆ ಮೊಣಕಾಲೂರಿ ಎಡಗೈ ತಿರುವಿದ. ಕಿರುಬೆರಳು ಒಣಕಡ್ಡಿಯಂತೆ ಲಟಕ್ಕೆಂದಿತು. ಉಳಿದ ಹಲ್ಲುಗಳಿಂದ ಅವನ ಭುಜ ಕಚ್ಚಿ ಹಿಡಿದೆ. ರಕ್ತ ಉಪ್ಪುಪ್ಪಾಗಿತ್ತು. ಅವನು ತಲೆಯಿಂದ ನನ್ನ ಹಣೆಗೆ ಗುದ್ದಿದ ಮೇಲೆ ನನಗೆ ಕಂಡದ್ದು ಹೆಂಚಿನ ಸೂರು ಮಾತ್ರ.

ದೊಡ್ಡಪ್ಪ ಬೆರಳಿಗೆ ಬಟ್ಟೆ ಸುತ್ತಿ, ನೋಟ್‌ಬುಕ್ಕಿಗೆ ಸಹಿ ಹಾಕಿದರು. "ಹೇಳಿದ್ದಂತೂ ಹೇಳ್ದೆ. ಆದ್ರೆ ಕಚ್ಚಿದ್ದು ಫೌಲು ಕಣೋ. ಈ ಕುಸ್ತಿ ಲೆಕ್ಕಕ್ಕಿಲ್ಲ. ಬೆರಳು ವಾಸಿ ಆದ್ಮೇಲೆ ಬಾ."

ಸೋಮವಾರ ಮಿಸ್ ಸಹಿಯನ್ನು ಒಪ್ಪಿದರು. ಪುಸ್ತಕಕ್ಕೆ ರಕ್ತ ಮೆತ್ತಿದ್ದಕ್ಕೆ ಮಾತ್ರ ಎರಡು ಕೊಟ್ಟರು, ಮುರಿಯದ ಕೈಗೆ.

ಈಗ ದೊಡ್ಡಪ್ಪನಿಲ್ಲ, ಮಿಸ್ ಇಲ್ಲ. ಗರಡಿಯ ಜಾಗದಲ್ಲಿ ಗಾಜಿನ ಜಿಮ್ ಇದೆ. ಹಿಡಿಸದಿದ್ದರೆ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಸದಸ್ಯತ್ವ ಬಿಟ್ಟುಬಿಡಬಹುದು. ಯಾರೂ ತಡೆಯುವುದಿಲ್ಲ, ಬಿಟ್ಟದ್ದು ಯಾರಿಗೂ ತಿಳಿಯುವುದೂ ಇಲ್ಲ.

ನಾನು ಆ ಗರಡಿಗೆ ಇನ್ನೂ ಆರು ವರ್ಷ ಹೋದೆ.