ಗಾಡಿ ಬಂತು, ಮನುಷ್ಯ ಬರಲಿಲ್ಲ

ನಾಲ್ಕು ವರ್ಷದ ಹಿಂದೆ, ನಿವೃತ್ತಿಗೆ ಇನ್ನು ಏಳೇ ತಿಂಗಳಿದ್ದಾಗ, ನಾನು ನಾಗರಬಾವಿಯ ಒಂದು ಸಣ್ಣ ರಕ್ಷಣಾ ಅಧ್ಯಯನ ಕಚೇರಿಯಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದೆ. ಒಳಗೆ ಚಾಲಕನಿಲ್ಲದೆ ರೇಡಿಯೋ ಸಂಕೇತದಿಂದ ಓಡುವ ಗಾಡಿ, ಹಾರುವ ಡ್ರೋನ್ ಇವನ್ನೆಲ್ಲ ಸೇನೆ ಎಲ್ಲಿ, ಹೇಗೆ ಬಳಸಬಹುದು ಎಂದು ಲೆಕ್ಕ ಹಾಕಿ ವರದಿ ಬರೆಯುವುದು ನನ್ನ ಕೆಲಸ. ನಾನು ಗಣಿತ ಓದಿದವಳು, ಬಂದೂಕು ಮುಟ್ಟಿದವಳಲ್ಲ. ಬಸವೇಶ್ವರನಗರದ ಮನೆಯಲ್ಲಿ ಜಿರಳೆ ಕಂಡರೆ ಗಂಡನನ್ನು ಕೂಗುತ್ತಿದ್ದವಳು ಕಚೇರಿಯಲ್ಲಿ ಮಾತ್ರ ದಿನಕ್ಕೆ ಆರು ಗಂಟೆ ಜನ ಸಾಯುವುದನ್ನು ನೋಡುತ್ತಿದ್ದೆ.

ದೂರದ ಯುದ್ಧಗಳ ವಿಡಿಯೋಗಳು ಅವು. ಡ್ರೋನ್ ಕಣ್ಣಿಗೆ ಬಿದ್ದ ಸೈನಿಕ ಮರದ ಸುತ್ತ ಓಡುತ್ತಾನೆ, ಡ್ರೋನೂ ಸುತ್ತುತ್ತದೆ. ಅವನು ನಿಂತು ಕೈ ಮುಗಿಯುತ್ತಾನೆ. ಆಮೇಲೆ ಹೊಗೆ. ಹೊಗೆ ಕರಗಿದ ಮೇಲೆ ಒಂದು ಬೂಟು, ಬೂಟಿನೊಳಗೆ ಕಾಲು. ನಾನು ಹಾಳೆಯಲ್ಲಿ ‘ಪತ್ತೆಯಿಂದ ಸ್ಫೋಟಕ್ಕೆ ಹನ್ನೊಂದು ಸೆಕೆಂಡ್’ ಎಂದು ಬರೆದು ಕಾಫಿ ತರಿಸಿಕೊಳ್ಳುತ್ತಿದ್ದೆ.

ಆ ವರ್ಷ ನಮ್ಮ ಮುಂದಿದ್ದ ಪ್ರಶ್ನೆ ಒಂದೇ. ಗುಂಡಿನ ನಡುವೆ ಬಿದ್ದ ಗಾಯಾಳುವನ್ನು ತರಲು ಸ್ಟ್ರೆಚರ್ ಹೊರುವ ನಾಲ್ವರ ಬದಲು ಮಾನವರಹಿತ ಗಾಡಿ ಕಳಿಸಬಹುದೇ? ನಾವು ಹೌದು ಎಂದರೆ ಸ್ಟ್ರೆಚರ್ ತಂಡಗಳನ್ನೇ ಕಡಿತ ಮಾಡುವ ಪ್ರಸ್ತಾವ ಸಿದ್ಧವಾಗಿತ್ತು. ಒಬ್ಬನನ್ನು ತರಲು ಹೋಗಿ ನಾಲ್ವರು ಚಿಂದಿಯಾಗುವುದನ್ನು ನಾನು ಸಾಕಷ್ಟು ನೋಡಿದ್ದೆ, ಹಾಗಾಗಿ ನನ್ನ ಮನಸ್ಸು ಮೊದಲೇ ಹೌದು ಎಂದಿತ್ತು. ನನ್ನ ಕೋಷ್ಟಕವೂ ಅಷ್ಟೇ ಅಚ್ಚುಕಟ್ಟು: ಗಾಡಿ ಮರಳಿದರೆ ‘ಯಶಸ್ವಿ’, ಮರಳದಿದ್ದರೆ ‘ವಿಫಲ’.

ಅದಕ್ಕೆ ಮೊದಲು ಕೊಕ್ಕೆ ಹಾಕಿದವರು ಮಲ್ಲಪ್ಪ. ಬಾಗಲಕೋಟೆ ಕಡೆಯವರು. ಸೇನೆಯಲ್ಲಿ ಗಾಯಾಳುಗಳ ಆರೈಕೆ ಮಾಡುವ ಹವಾಲ್ದಾರರಾಗಿದ್ದು, ನಿವೃತ್ತರಾಗಿ ನಮ್ಮಲ್ಲಿ ಸಲಹೆಗಾರರಾಗಿ ಸೇರಿದ್ದರು. ಒಂದು ಮಧ್ಯಾಹ್ನ, ದೂರದ ಯುದ್ಧದಲ್ಲಿ ಇಂಥದ್ದೇ ಗಾಡಿಯೊಂದು ಗಾಯಾಳುವನ್ನು ಹೊತ್ತು ತರುವ ವಿಡಿಯೋವನ್ನು ಅವರು ಪರದೆಯ ಮೇಲೆ ಬೆರಳಿಟ್ಟು ನಿಲ್ಲಿಸಿದರು.

“ಮೇಡಂ, ಇದನ್ನ ಯಶಸ್ವಿ ಅಂತ ಬರದೀರೇನ್ರಿ?”

“ಗಾಡಿ ವಾಪಸ್ ಬಂದಿದೆಯಲ್ಲ ಮಲ್ಲಪ್ಪನೋರೆ.”

“ಗಾಡಿ ಬಂದೈತ್ರಿ, ಮನಶ್ಯಾ ಬಂದಿಲ್ಲ. ತೊಡಿಗೆ ಬಿಗದ ಪಟ್ಟಿ ಸಡ್ಲಾಗೈತಿ ನೋಡ್ರಿ. ದಾರಿ ತುಂಬ ರಕ್ತ ಹರದು ಸತ್ತಾನ. ಮಗ್ಗಲಕ ಒಬ್ಬಾಂವ ಇದ್ದಿದ್ರ ಮತ್ತ ಬಿಗೀತಿದ್ದ.”

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಒಂದು ದೃಶ್ಯ ಹಿಡಿದುಕೊಂಡು ವರದಿ ತಿರುಗಿಸೋಕಾಗಲ್ಲ ಎಂದೆ. ಅವರು ಜಗಳಕ್ಕೆ ಬರಲಿಲ್ಲ. “ಹಂಗಾರ ನಮ್ಮ ಟ್ರಯಲ್‌ನಾಗ ಗಾಯಾಳೂನ ಬದಲಿ ಉಸುಕಿನ ಚೀಲ ಬ್ಯಾಡ್ರಿ, ನಾನ ಮಲಗತೀನಿ” ಎಂದರು. ನಾನು ಒಪ್ಪಿದೆ. ಅವರ ಬಾಯಿ ಮುಚ್ಚಿಸಲು ಅದೇ ಸುಲಭದ ದಾರಿ ಅನ್ನಿಸಿತ್ತು.

ಕೆಂಗೇರಿ ಆಚೆಯ ಒಂದು ಪಾಳು ಕಲ್ಲುಕ್ವಾರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಟ್ರಯಲ್. ಆರು ಚಕ್ರದ ಗಾಡಿಯನ್ನು ಕಾಮಾಕ್ಷಿಪಾಳ್ಯದ ತನ್ನ ವರ್ಕ್‌ಶಾಪಿನಲ್ಲಿ ಕಟ್ಟಿದ್ದ ಗಿರೀಶನೇ ರಿಮೋಟ್ ಹಿಡಿದಿದ್ದ. ಕ್ಯಾಮೆರಾ ಮುಂದಕ್ಕೆ ಮಾತ್ರ ನೋಡುತ್ತಿತ್ತು. ಮೈಕ್ ಇರಲಿಲ್ಲ, ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಸ್ಟಾಪ್‌ವಾಚ್ ಒತ್ತಿದ ಮೇಲೆ ಗಾಡಿ ಸುಣ್ಣದ ಗೆರೆ ದಾಟುವವರೆಗೆ ಯಾರೂ ಮಧ್ಯೆ ಹೋಗಬಾರದು, ನಿಲ್ಲಿಸಬಾರದು. ಮನುಷ್ಯನ ಕೈ ತಗುಲಿದರೆ ಅಂಕಿ ಕೆಡುತ್ತದೆ. ಈ ನಿಯಮ ನನ್ನದೇ. ಹನ್ನೆರಡು ವರ್ಷ ಅದನ್ನು ಯಾರೂ ಮುರಿದಿರಲಿಲ್ಲ.

ಮಲ್ಲಪ್ಪನವರನ್ನು ಬೆಲ್ಟು ಬಿಗಿದು ಮಲಗಿಸಿದೆವು. ಗಾಡಿ ಹೊರಟು ಬಂಡೆಯ ಹಿಂದೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಗಿರೀಶ ತಲೆ ಎತ್ತಿದ.

“ಮೇಡಂ, ಮೋಟರ್ ಲೋಡ್ ಜಾಸ್ತಿ ತೋರಿಸ್ತಾ ಇದೆ. ಏನೋ ಸಿಕ್ಕಾಕ್ಕೊಂಡಂಗಿದೆ. ನಿಲ್ಲಿಸ್ಲಾ?”

“ಗೆರೆ ದಾಟ್ಲಿ.”

ಆಮೇಲೆ ತಿಳಿದದ್ದು ಇದು: ಗಾಡಿ ಓಲಾಡಿದಾಗ ಮೇಲಿನ ಬೆಲ್ಟು ಜಾರಿ ಮಲ್ಲಪ್ಪನವರ ಎಡಗೈ ಹೊರಕ್ಕೆ ಬಿದ್ದು, ಚಕ್ರಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿತ್ತು. ಚಕ್ರಕ್ಕೆ ಕಲ್ಲು ಅಡ್ಡ ಬಂದರೆ ತಾನಾಗಿ ಶಕ್ತಿ ಹೆಚ್ಚಿಸಿಕೊಳ್ಳಲು ಮೋಟರಿಗೆ ನಾವೇ ಕಲಿಸಿದ್ದೆವು. ಅದಕ್ಕೆ ಮೂಳೆಯೂ ಕಲ್ಲೇ. ಬೆರಳು, ಮಣಿಕಟ್ಟು, ಮುಂಗೈ ಎಂದು ಅದು ಒಂದೊಂದಾಗಿ ಅರೆಯುತ್ತ ಬಂತು. ಗೆರೆಯ ಹತ್ತಿರ ಬಂದಾಗ ಮೊದಲು ಕಂಡದ್ದು ಕೆಂಪಾದ ಚಕ್ರ. ಚರ್ಮ ಸುಲಿದು ಚಕ್ರಕ್ಕೆ ಸುತ್ತಿಕೊಂಡಿತ್ತು. ಗಿರೀಶ ರಿಮೋಟ್ ಎಸೆದು ಓಡಿದ, ಗಾಡಿ ಉರುಳುತ್ತಲೇ ಇತ್ತು. ನನ್ನ ಹೆಬ್ಬೆರಳು ಮಾತ್ರ ತನ್ನ ಕೆಲಸ ಮಾಡಿತು, ಗಾಡಿ ಗೆರೆ ದಾಟಿದ ಕ್ಷಣಕ್ಕೆ ಸರಿಯಾಗಿ ಸ್ಟಾಪ್‌ವಾಚ್ ಒತ್ತಿತು. ಆ ಹೆಬ್ಬೆರಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಸ್ಪತ್ರೆಯಲ್ಲಿ ಕೈಯನ್ನು ಮೊಣಕೈವರೆಗೆ ಕತ್ತರಿಸಿದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು.

ಮರುದಿನ ಹಾಳೆ ತೆರೆದು ಕೂತೆ. ನನ್ನದೇ ವ್ಯಾಖ್ಯೆಯ ಪ್ರಕಾರ ಆ ಟ್ರಯಲ್ ‘ಯಶಸ್ವಿ’. ಗಾಡಿ ಮರಳಿತ್ತು, ಅದೂ ಗೊತ್ತುಮಾಡಿದ ಸಮಯದೊಳಗೇ. ಹಳೆಯ ‘ಯಶಸ್ವಿ’ ದೃಶ್ಯಗಳನ್ನೆಲ್ಲ ಮತ್ತೆ ಹಾಕಿಸಿ, ಈ ಸಲ ಗಾಡಿ ಬಿಟ್ಟು ಅದರಲ್ಲಿ ಮಲಗಿದವರನ್ನು ನೋಡಿದೆ. ಎಷ್ಟೋ ಜನ ಬಾಯಿ ತೆರೆದು ಕಿರುಚುತ್ತಿದ್ದರು, ವಿಡಿಯೋದಲ್ಲಿ ಸದ್ದಿರಲಿಲ್ಲ. ಎಷ್ಟೋ ಜನ ಹೊರಟಾಗ ಬದುಕಿದ್ದು, ತಲುಪುವ ಹೊತ್ತಿಗೆ ಹೆಣವಾಗಿದ್ದರು.

ಅಪಘಾತವನ್ನು ಕೊನೆಯ ಅನುಬಂಧದಲ್ಲಿ ಎರಡು ಸಾಲಿಗೆ ಮುಗಿಸಿ ಎಂದು ನಿರ್ದೇಶಕರು ಹೇಳಿದರು. ನಾನು ಅದನ್ನು ಮೊದಲ ಪುಟದಲ್ಲೇ ಬರೆದು, ಬೇಡವಾದರೆ ನನ್ನ ಸಹಿಯೂ ಸಿಗುವುದಿಲ್ಲ ಎಂದೆ. ನೀರು, ಮದ್ದುಗುಂಡು ಒಯ್ಯಲು ಗಾಡಿ ಇರಲಿ, ಗಾಯಾಳುವಿನ ಜೊತೆ ಮಾತ್ರ ಮನುಷ್ಯ ಇರಲೇಬೇಕು ಎಂಬುದು ನಮ್ಮ ಶಿಫಾರಸು. ಸ್ಟ್ರೆಚರ್ ತಂಡಗಳು ಉಳಿದುಕೊಂಡವು.

ವರದಿಯ ಪ್ರತಿ ಹಿಡಿದು ಅನ್ನಪೂರ್ಣೇಶ್ವರಿ ನಗರದ ಮಲ್ಲಪ್ಪನವರ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳುವಷ್ಟರಲ್ಲಿ ಅತ್ತುಬಿಟ್ಟೆ. ಅವರು ಬಲಗೈಯಿಂದ ವರದಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

“ಮೊದಲ ಕೂಗಿದೆರಿ. ಯಾರಿಗೂ ಕೇಳಂಗಿಲ್ಲ ಅಂತ ಗೊತ್ತಾತು, ಬಿಟ್ಟೆ. ಸ್ಟ್ರೆಚರ್ ಹೊರೋವಾಗ ನಾವು ಗಾಯಾಳೂನ ಹೆಸರು ಹಿಡದ ಕರಕೊಂತ ಹೋಗ್ತೀವ್ರಿ, ಎಚ್ಚರ ತಪ್ಪಬಾರದು ಅಂತ. ಅವತ್ತ ಮಗ್ಗಲಕ ಯಾರೂ ಇರಲಿಲ್ಲ. ಅದಕ್ಕ ‘ಮಲ್ಲಪ್ಪಾ, ಏ ಮಲ್ಲಪ್ಪಾ’ ಅಂತ ನನ್ನ ನಾನ ಕರಕೊಂತ ಬಂದೆ.”

ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ ಪಾಠ ಇದೊಂದೇ. ಯಂತ್ರ ಮರಳಿತು ಎಂದು ಬರೆಯುವ ಮೊದಲು, ಅದು ತಂದವನನ್ನು ಹೆಸರು ಹಿಡಿದು ಕರೆದು, ಅವನು ಓಗೊಡುತ್ತಾನೋ ಇಲ್ಲವೋ ಎಂದು ಕಾಯಬೇಕು.